ದೊಡ್ಡ ಕಂಪನಿಯಿಂದ ಟ್ರೇಡ್‌ಮಾರ್ಕ್ ನೋಟಿಸ್ ಬಂದರೆ ಸಣ್ಣ ಉದ್ಯಮದವರು ಏನು ಮಾಡಬೇಕು?

ಬೇಕರಿ, ಮೆಸ್, ಮಸಾಲೆಪುಡಿ, ಬಟ್ಟೆ ಅಂಗಡಿ, ಚಿಕ್ಕದೊಂದು ಆ್ಯಪ್. ವ್ಯಾಪಾರ ಯಾವುದೇ ಇರಲಿ, ಹೆಸರು ನಾಲ್ಕು ಜನರ ಬಾಯಲ್ಲಿ ಓಡಾಡಲು ಶುರುವಾದ ಮೇಲೆಯೇ ಇಂಥ ನೋಟಿಸ್ ಬರುವುದು. ದೆಹಲಿಯದೋ ಮುಂಬೈಯದೋ ವಕೀಲರ ಲೆಟರ್‌ಹೆಡ್, ಐದಾರು ಪುಟ ಇಂಗ್ಲಿಷ್. ಮೊದಲ ಎರಡು ಪುಟದಲ್ಲಿ ಕಂಪನಿ ಎಷ್ಟು ದೊಡ್ಡದು, ಎಷ್ಟು ದೇಶಗಳಲ್ಲಿದೆ, ಜಾಹೀರಾತಿಗೆ ಎಷ್ಟು ಸುರಿದಿದೆ ಎಂಬ ವಿವರ ಇರುತ್ತದೆ. ಆಮೇಲೆ ನಿಮ್ಮ ಅಂಗಡಿಯ ಬೋರ್ಡಿನ ಫೋಟೊ. ಕೊನೆಗೆ ಬೇಡಿಕೆಗಳು: ಏಳು ದಿನದೊಳಗೆ ಹೆಸರು ತೆಗೆಯಿರಿ, ಇರುವ ಪ್ಯಾಕೆಟ್‌ಗಳನ್ನೆಲ್ಲ ಒಪ್ಪಿಸಿ, ಈವರೆಗಿನ ಲಾಭದ ಲೆಕ್ಕ ಕೊಡಿ, ಜೊತೆಗಿಟ್ಟಿರುವ ಮುಚ್ಚಳಿಕೆಗೆ ಸಹಿ ಹಾಕಿ ಕಳಿಸಿ.

ಇದನ್ನು ಓದಿದವರಲ್ಲಿ ಕೆಲವರು ಹೆದರಿ ಮಾರನೇ ದಿನವೇ ಬೋರ್ಡು ಇಳಿಸುತ್ತಾರೆ. ಇನ್ನು ಕೆಲವರು 'ನಮ್ಮಂಥವರನ್ನ ಅವರೇನ್ ಮಾಡ್ತಾರೆ ಬಿಡಿ' ಅಂತ ಗಲ್ಲಾಪೆಟ್ಟಿಗೆಯ ಡ್ರಾಯರಿಗೆ ಹಾಕಿ ಮರೆಯುತ್ತಾರೆ. ಎರಡರಿಂದಲೂ ನಷ್ಟ ನಿಮಗೇ. ನಮ್ಮ ಟ್ರೇಡ್‌ಮಾರ್ಕ್ ಕಾನೂನಿನಲ್ಲಿ ಕಂಪನಿಯ ಗಾತ್ರಕ್ಕಿಂತ ತಾರೀಖಿಗೆ ಬೆಲೆ ಜಾಸ್ತಿ. ಹೆಸರನ್ನು ಮೊದಲು ಬಳಸಿದವರು ಯಾರು, ಅದಕ್ಕೆ ಕಾಗದ ಇದೆಯಾ, ಉತ್ತರ ಗಡುವಿನೊಳಗೆ ಹೋಯಿತಾ ಎಂಬುದರ ಮೇಲೆಯೇ ಬಹುಪಾಲು ಜಗಳಗಳು ನಿಲ್ಲುತ್ತವೆ. ಸಣ್ಣವರು ಸೋಲುವುದು ಹೆಚ್ಚಾಗಿ ಹಕ್ಕು ಇಲ್ಲದೆ ಅಲ್ಲ, ಹಕ್ಕಿರುವುದನ್ನು ಸಮಯಕ್ಕೆ ಸರಿಯಾಗಿ ತೋರಿಸದೆ. ಅದಕ್ಕೇ ಈ ಬರಹ. ನಿಮ್ಮ ಪ್ರಕರಣಕ್ಕೆ ವಕೀಲರು ಬೇಕೇ ಬೇಕು. ಆದರೆ ಅವರ ಎದುರು ಕೂರುವ ಮೊದಲು ನೀವೇ ಮಾಡಿಕೊಳ್ಳಬಹುದಾದ ಕೆಲಸ ಬಹಳಷ್ಟಿದೆ.

ಮೊದಲ ದಿನ: ಬಂದಿರುವುದು ಏನು ಅಂತ ಗುರುತಿಸಿ

ಎಲ್ಲ ಕಾಗದವೂ ಒಂದೇ ಅಲ್ಲ. ವಕೀಲರ ನೋಟಿಸಿನಲ್ಲಿರುವ 'ಏಳು ದಿನ' ಅವರು ಇಟ್ಟ ಗಡುವು, ಕಾನೂನು ಇಟ್ಟದ್ದಲ್ಲ. ಆ ಏಳು ದಿನ ದಾಟಿದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ. ಆದರೆ ಉತ್ತರವನ್ನೇ ಕೊಡದಿದ್ದರೆ, ನಾಳೆ ಕೋರ್ಟಿನಲ್ಲಿ 'ಇವರು ಮಾತೇ ಆಡಲಿಲ್ಲ' ಅಂತ ಅದನ್ನೇ ತೋರಿಸುತ್ತಾರೆ.

ಹೆಸರು ನೋಂದಾಯಿಸುವ ಸರ್ಕಾರಿ ಕಚೇರಿಯಾದ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯಿಂದ ವಿರೋಧದ ನೋಟಿಸ್ ಬಂದಿದ್ದರೆ ಅದರ ಗಡುವು ಕಾನೂನಿನದು. ನೀವು ಹಾಕಿದ ಅರ್ಜಿಗೆ ಕಂಪನಿ ತಕರಾರು ಎತ್ತಿದೆ ಎಂದು ಅದರರ್ಥ. ಅದು ಕೈಸೇರಿದ 2 ತಿಂಗಳೊಳಗೆ ಅದಕ್ಕೆ ನಿಮ್ಮ ಉತ್ತರ, ಅಂದರೆ ಪ್ರತಿ ಹೇಳಿಕೆ (ಕೌಂಟರ್ ಸ್ಟೇಟ್‌ಮೆಂಟ್) ಹೋಗಬೇಕು. ಕೋರ್ಟಿನ ಸಮನ್ಸ್ ಆಗಿದ್ದರೆ ಇನ್ನೂ ಗಂಭೀರ. ವಾಣಿಜ್ಯ ನ್ಯಾಯಾಲಯದ ದಾವೆಯಲ್ಲಿ ಲಿಖಿತ ಹೇಳಿಕೆಗೆ 30 ದಿನ. ಕೋರ್ಟು ಒಪ್ಪಿದರೆ ವಿಸ್ತರಣೆ ಉಂಟು, ಆದರೆ 120 ದಿನ ದಾಟಿದ ಮೇಲೆ ಹೇಳಿಕೆ ಸಲ್ಲಿಸುವ ಹಕ್ಕೇ ಹೋಗುತ್ತದೆ. ನಾಲ್ಕನೆಯ ಬಗೆಯೂ ಇದೆ. ನೋಟಿಸೂ ಇಲ್ಲ, ಸಮನ್ಸೂ ಇಲ್ಲ, ಒಂದು ಬೆಳಿಗ್ಗೆ ಆನ್‌ಲೈನ್ ಮಾರಾಟದ ಪುಟವೋ ಇನ್‌ಸ್ಟಾಗ್ರಾಂ ಖಾತೆಯೋ ಮಾಯವಾಗಿರುತ್ತದೆ. ಕಂಪನಿ ನೇರವಾಗಿ ಆ ವೇದಿಕೆಗೇ ದೂರು ಕೊಟ್ಟಿರುತ್ತದೆ. ಆಗ ದೂರಿನ ಪ್ರತಿ ಕೇಳಿ, ಅದರಲ್ಲಿ ಹೆಸರಿಸಿರುವ ನೋಂದಣಿ ಸಂಖ್ಯೆ ಬರೆದುಕೊಂಡು, ನಿಮ್ಮ ದಾಖಲೆ ಸಮೇತ ಅಲ್ಲಿಯೇ ಆಕ್ಷೇಪ ಸಲ್ಲಿಸಿ.

ಕಾಗದ ಬಂದ ದಿನವನ್ನು ಅದರ ಮೇಲೆಯೇ ಪೆನ್ನಿನಲ್ಲಿ ಬರೆಯಿರಿ. ಲಕೋಟೆ ಎಸೆಯಬೇಡಿ, ಅಂಚೆಯ ಮುದ್ರೆ ಮುಂದೆ ಲೆಕ್ಕಕ್ಕೆ ಬರುತ್ತದೆ. ಅವರ ವಕೀಲರಿಗೆ ಫೋನ್ ಮಾಡಿ ಕಷ್ಟ ಹೇಳಿಕೊಳ್ಳಬೇಡಿ. ನೀವು ಮರ್ಯಾದೆಗೆ ಹೇಳಿದ 'ಹೌದು ಸರ್, ನಿಮ್ಮ ಕಂಪನಿ ಹೆಸರು ಮೊದಲೇ ಗೊತ್ತಿತ್ತು' ಎಂಬ ಒಂದು ಮಾತು ಆಮೇಲೆ ನಿಮ್ಮ ವಿರುದ್ಧವೇ ನಿಲ್ಲುತ್ತದೆ. ಹಳೆಯ ಪೋಸ್ಟ್, ಫೋಟೊ, ಮೆಸೇಜ್ ಯಾವುದನ್ನೂ ಅಳಿಸಬೇಡಿ. ಅಳಿಸಿದರೆ ಮುಚ್ಚಿಟ್ಟಂತೆ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮನ್ನು ಕಾಪಾಡುವ ತಾರೀಖು ಆ ಪೋಸ್ಟಿನಲ್ಲೇ ಇರಬಹುದು.

ಅವರ ಬಳಿ ನಿಜವಾಗಿ ಏನಿದೆ ಅಂತ ನೋಡಿ

ನೋಟಿಸಿನಲ್ಲಿ 'ನಮ್ಮ ನೋಂದಾಯಿತ ಟ್ರೇಡ್‌ಮಾರ್ಕ್' ಅಂತ ಬರೆದಿದ್ದರೆ ಅದನ್ನೇ ಪೂರ್ತಿ ನಂಬಬೇಕಿಲ್ಲ. ಬೌದ್ಧಿಕ ಆಸ್ತಿ ಇಲಾಖೆಯ ಜಾಲತಾಣದಲ್ಲಿ ಸಾರ್ವಜನಿಕ ಹುಡುಕಾಟ ಉಚಿತ. ನೋಂದಣಿ ಸಂಖ್ಯೆ ಹಾಕಿ, ಆ ಪುಟವನ್ನು ಪ್ರಿಂಟ್ ತೆಗೆದುಕೊಳ್ಳಿ.

ಮೊದಲು ಸ್ಥಿತಿ ನೋಡಿ. ನೋಂದಣಿ ಆಗಿದೆಯಾ, ಬರೀ ಅರ್ಜಿ ಹಂತದಲ್ಲಿದೆಯಾ, ಅದಕ್ಕೂ ಯಾರಾದರೂ ವಿರೋಧ ಹಾಕಿದ್ದಾರಾ, ನವೀಕರಣ ಆಗಿದೆಯಾ? ಆಮೇಲೆ ಕ್ಲಾಸ್ ನೋಡಿ. ಸರಕು, ಸೇವೆಗಳನ್ನು ಒಟ್ಟು 45 ಕ್ಲಾಸ್‌ಗಳಾಗಿ ವಿಂಗಡಿಸಿದ್ದಾರೆ. ಹಾಲಿನ ಉತ್ಪನ್ನ, ಉಪ್ಪಿನಕಾಯಿ 29ರಲ್ಲಿ. ಕಾಫಿ, ಹಿಟ್ಟು, ಬೇಕರಿ ತಿನಿಸು, ಮಸಾಲೆ 30ರಲ್ಲಿ. ಹೋಟೆಲ್ ಸೇವೆ 43ರಲ್ಲಿ. ಅವರ ನೋಂದಣಿ ಬಟ್ಟೆಗೆ ಇದ್ದು ನೀವು ಚಕ್ಕುಲಿ ಮಾರುತ್ತಿದ್ದರೆ ಮಾತೇ ಬೇರೆ. ಮೂರನೆಯದು, ನೋಂದಣಿ ಆಗಿರುವುದು ಪದಕ್ಕಾ ಅಥವಾ ಚಿತ್ರ ಸಮೇತ ಲೋಗೊಗಾ? 'ಈ ಪದದ ಮೇಲೆ ಪ್ರತ್ಯೇಕ ಹಕ್ಕಿಲ್ಲ' ಎಂಬ ಷರತ್ತು ಇದೆಯಾ? ಕೊನೆಯದಾಗಿ ಎರಡು ತಾರೀಖು ಬರೆದುಕೊಳ್ಳಿ: ಅರ್ಜಿ ಹಾಕಿದ ದಿನ, ಮತ್ತು ಯಾವಾಗಿನಿಂದ ಬಳಸುತ್ತಿದ್ದೇವೆ ಎಂದು ಅವರೇ ಹೇಳಿಕೊಂಡ ದಿನ. ನೋಂದಣಿ ಪತ್ರ ಯಾವಾಗ ಸಿಕ್ಕಿದರೂ ಹಕ್ಕು ಎಣಿಕೆಯಾಗುವುದು ಅರ್ಜಿ ಹಾಕಿದ ದಿನದಿಂದ.

ಈ ಕ್ಲಾಸ್ ವಿಚಾರದಲ್ಲಿ ನಮ್ಮ ಬೆಂಗಳೂರಿನದೇ ಒಂದು ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಕರ್ನಾಟಕ ಹಾಲು ಮಹಾಮಂಡಳದ 'ನಂದಿನಿ' 1985ರಿಂದ ಬಳಕೆಯಲ್ಲಿದೆ. 1989ರಲ್ಲಿ 'ನಂದಿನಿ ಡಿಲಕ್ಸ್' ಹೋಟೆಲ್ ಶುರುವಾಯಿತು. ಹೋಟೆಲಿನವರು ಹಲವು ಆಹಾರ ಪದಾರ್ಥಗಳಿಗೆ ಆ ಹೆಸರಿನ ನೋಂದಣಿ ಕೇಳಿದಾಗ ಮಹಾಮಂಡಳ ವಿರೋಧಿಸಿತು. ರಿಜಿಸ್ಟ್ರಿಯಲ್ಲಿ ಹೋಟೆಲಿಗೆ ಗೆಲುವು. ಮೇಲ್ಮನವಿ ಮಂಡಳಿಯಲ್ಲಿ ಸೋಲು, ಹೈಕೋರ್ಟಿನಲ್ಲೂ ಸೋಲು. ಕೊನೆಗೆ 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಪರ ತೀರ್ಪು ಕೊಟ್ಟಿತು. ನಂದಿನಿ ಎನ್ನುವುದು ಪುರಾಣದ ದೇವತೆಯ, ಹಸುವಿನ ಹೆಸರು, ಯಾರೋ ಹೊಸದಾಗಿ ಹುಟ್ಟಿಸಿದ ಪದವಲ್ಲ. ಎರಡರ ಬರವಣಿಗೆ, ಚಿತ್ರ ಬೇರೆ ಬೇರೆ. ಒಂದು ಕ್ಲಾಸಿನಲ್ಲಿ ಒಂದು ಸರಕಿಗೆ ನೋಂದಣಿ ಇದ್ದ ಮಾತ್ರಕ್ಕೆ ಆ ಇಡೀ ಕ್ಲಾಸ್ ಒಬ್ಬರ ಸ್ವತ್ತಾಗುವುದಿಲ್ಲ. ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಬಿಟ್ಟು ಉಳಿದವಕ್ಕೆ ನೋಂದಣಿ ಸಿಕ್ಕಿತು. ಮಹಾಮಂಡಳ ರೈತರ ಸಹಕಾರಿ ಸಂಸ್ಥೆ, ತನ್ನ ಹೆಸರನ್ನು ಕಾಯ್ದುಕೊಳ್ಳಲು ಹೊರಟಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಕಾಯುವಿಕೆಗೆ ಎಲ್ಲೆ ಎಲ್ಲಿದೆ ಅಂತ ಈ ತೀರ್ಪು ಚೆನ್ನಾಗಿ ತೋರಿಸಿಕೊಟ್ಟಿದೆ. ನಿಮ್ಮ ವಕೀಲರಿಗೆ ಇದನ್ನು ನೆನಪಿಸಿ.

ಹಾಗಾದರೆ ನೋಟಿಸಿನ ಮೊದಲ ಎರಡು ಪುಟದ 'ವಿಶ್ವವಿಖ್ಯಾತ' ಬಣ್ಣನೆಗೆ ಬೆಲೆ ಇಲ್ಲವಾ? ಇದೆ. ಸುಪ್ರಸಿದ್ಧ ಟ್ರೇಡ್‌ಮಾರ್ಕ್‌ಗಳಿಗೆ ಕ್ಲಾಸ್ ದಾಟಿಯೂ ರಕ್ಷಣೆ ಉಂಟು. ಆದರೆ ಹೊರದೇಶದಲ್ಲಿ ಹೆಸರು ಮಾಡಿದ್ದರೆ ಸಾಲದು. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಟೊಯೋಟಾ ಕಂಪನಿಗೆ ಇದನ್ನೇ ಹೇಳಿತು. 'ಪ್ರಿಯಸ್' ಕಾರು ಜಪಾನಿನಲ್ಲಿ 1997ರಲ್ಲೇ ಬಂದಿತ್ತು. ಭಾರತದ ಬಿಡಿಭಾಗ ತಯಾರಕರೊಬ್ಬರು 2001ರಿಂದ ಅದೇ ಹೆಸರು ಬಳಸುತ್ತಿದ್ದರು. ಟೊಯೋಟಾ ದಾವೆ ಹೂಡಿದ್ದು 2009ರಲ್ಲಿ. 2001ರ ಹೊತ್ತಿಗೆ ಭಾರತದ ಗ್ರಾಹಕರಲ್ಲಿ ಆ ಕಾರಿನ ಹೆಸರು ನೆಲೆ ನಿಂತಿತ್ತು ಅಂತ ಸಾಬೀತಾಗಲಿಲ್ಲ. ಟೊಯೋಟಾ ಸೋತಿತು.

ನಿಮ್ಮ ತಾರೀಖು ಹುಡುಕಿ. ಎಲ್ಲಕ್ಕಿಂತ ದೊಡ್ಡ ಕೆಲಸ ಇದೇ

1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಸೆಕ್ಷನ್ 34 ನಂಬರ್ ಮರೆಯಬೇಡಿ. ಅವರು ಬಳಸಲು ಶುರುಮಾಡಿದ ದಿನ, ಅವರ ನೋಂದಣಿಯ ದಿನ, ಇವೆರಡರಲ್ಲಿ ಯಾವುದು ಮೊದಲೋ ಅದಕ್ಕಿಂತ ಮುಂಚಿನಿಂದ ನೀವು ಆ ಹೆಸರನ್ನು ಬಿಡದೆ ಬಳಸುತ್ತಾ ಬಂದಿದ್ದರೆ, ನೋಂದಣಿ ಪತ್ರ ಹಿಡಿದು ಅವರು ನಿಮ್ಮನ್ನು ತಡೆಯುವಂತಿಲ್ಲ. ನಿಮ್ಮ ಹೆಸರು ನೋಂದಣಿ ಆಗಿರಬೇಕು ಅಂತಲೂ ಇಲ್ಲ. ಮೊದಲು ಬಳಸಿದವರ ಹಕ್ಕು ನೋಂದಣಿಗಿಂತ ಮೇಲು ಎಂದು ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಇಲ್ಲಿ 'ಬಿಡದೆ' ಮತ್ತು 'ಬಳಸುತ್ತಾ' ಎರಡನ್ನೂ ಕಾಗದದಲ್ಲಿ ತೋರಿಸಬೇಕು. 'ನಮ್ಮಪ್ಪನ ಕಾಲದಿಂದ ಇದೆ, ಊರಿಗೆಲ್ಲ ಗೊತ್ತು' ಅಂದರೆ ಕೋರ್ಟು ತಲೆಯಾಡಿಸುವುದಿಲ್ಲ.

ಹಳೆಯದರಿಂದ ಹೊಸದಕ್ಕೆ, ವರ್ಷವಾರು ಒಂದು ಫೈಲ್ ಮಾಡಿ. 2017ರ ಜುಲೈನಿಂದ ಈಚೆಗೆ ಜಿಎಸ್‌ಟಿ ದಾಖಲೆ ಇರುತ್ತದೆ. ಅದಕ್ಕೂ ಹಿಂದೆ ವ್ಯಾಟ್, 2005ಕ್ಕಿಂತ ಮೊದಲಾದರೆ ಸೇಲ್ಸ್ ಟ್ಯಾಕ್ಸ್ ನೋಂದಣಿ. ಆಹಾರದ ವ್ಯಾಪಾರವಾದರೆ 2011ರಿಂದೀಚೆಗಿನ ಎಫ್‌ಎಸ್‌ಎಸ್‌ಎಐ ಲೈಸೆನ್ಸ್. ಪಂಚಾಯಿತಿ ಅಥವಾ ಪಾಲಿಕೆಯ ಟ್ರೇಡ್ ಲೈಸೆನ್ಸ್, ಅಂಗಡಿ ಹೆಸರಿನ ಕರೆಂಟ್ ಅಕೌಂಟಿನ ಪಾಸ್‌ಬುಕ್, ಬಾಡಿಗೆ ಕರಾರು, ಬೋರ್ಡು ಬರೆದವರ ಬಿಲ್ಲು, ಸ್ಥಳೀಯ ಪತ್ರಿಕೆಯ ಜಾಹೀರಾತು, ಜಾತ್ರೆಯ ಸ್ಮರಣ ಸಂಚಿಕೆಯಲ್ಲಿ ಕೊಟ್ಟ ಅರ್ಧ ಪುಟದ ಶುಭಾಶಯ. ಇವುಗಳಲ್ಲಿ ಎಷ್ಟೋ ಮನೆಯ ಅಟ್ಟದ ಮೇಲೆ ಇರುತ್ತವೆ. ಪ್ಯಾಕೆಟ್ ಅಚ್ಚು ಹಾಕಿಸಿದ ಪ್ರಿಂಟಿಂಗ್ ಪ್ರೆಸ್ಸಿನವರನ್ನೂ ಕೇಳಿ. ನಿಮ್ಮ ಹತ್ತಿರ ಇಲ್ಲದ ಬಿಲ್ಲಿನ ಪ್ರತಿ ಅವರ ಹತ್ತಿರ ಸಿಗಬಹುದು.

ಒಂದು ಉದಾಹರಣೆ ಹೇಳಬೇಕು. ಮದುವೆ ಅಡುಗೆ ಮಾಡುವವರೊಬ್ಬರ ಹಳೇ ಆರ್ಡರ್ ಪುಸ್ತಕ ನೋಡಿದ್ದೆ. ಎಣ್ಣೆ ಅಂಟಿ ಹಳದಿಯಾದ ಹಾಳೆಗಳು. ಮೇಲೆ ತಾರೀಖು, ಛತ್ರದ ಹೆಸರು; ಕೆಳಗೆ 'ಹೋಳಿಗೆ 400, ಚಿರೋಟಿ 250, ಅಡ್ವಾನ್ಸ್ ಮುಟ್ಟಿದೆ' ಅಂತ ಬಾಲ್ ಪೆನ್ನಿನ ಬರಹ, ಪಕ್ಕದಲ್ಲಿ ಮದುಮಗಳ ತಂದೆಯ ಸಹಿ. ಪ್ರತಿ ಹಾಳೆಯ ತಲೆಯ ಮೇಲೆ ನೇರಳೆ ಇಂಕಿನ ರಬ್ಬರ್ ಸ್ಟಾಂಪಿನಲ್ಲಿ ಅವರ ವ್ಯಾಪಾರದ ಹೆಸರು. ಅವರು ಅದನ್ನು ರದ್ದಿಗೆ ಹಾಕಲು ಎತ್ತಿಟ್ಟಿದ್ದರು. ಹೆಸರು, ತಾರೀಖು, ಮಾರಾಟ, ಗಿರಾಕಿಯ ಸಹಿ ನಾಲ್ಕೂ ಒಂದೇ ಹಾಳೆಯಲ್ಲಿ ಸಿಗುವ ದಾಖಲೆ ಎಷ್ಟು ದೊಡ್ಡ ಕಂಪನಿಯ ಹತ್ತಿರವೂ ಅಷ್ಟು ಸುಲಭಕ್ಕೆ ಇರುವುದಿಲ್ಲ. ಇಂಥದ್ದನ್ನು ದಯವಿಟ್ಟು ತೂಕಕ್ಕೆ ಹಾಕಬೇಡಿ.

ಅಪ್ಪನಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ ಬಂದ ವ್ಯಾಪಾರವಾದರೆ ಇನ್ನೊಂದು ಕೊಂಡಿ ಬೇಕು. ಹಿಂದಿನವರ ಬಳಕೆಯೂ ನಿಮ್ಮ ಲೆಕ್ಕಕ್ಕೆ ಸೇರುತ್ತದೆ ಅಂತ ಸೆಕ್ಷನ್ 34 ಒಪ್ಪುತ್ತದೆ. ಆದರೆ ಹೆಸರು ಅವರಿಂದ ನಿಮಗೆ ಬಂದದ್ದು ಹೇಗೆ? ಪಾಲುಪಟ್ಟಿ, ಪಾಲುದಾರಿಕೆ ಪತ್ರ, ವಿಲ್, ಏನಾದರೂ ಇದೆಯಾ? ನಮ್ಮ ಕಡೆ ಅಂಗಡಿ, ಪಾತ್ರೆ, ಬಾಕಿ ಸಾಲ ಎಲ್ಲವನ್ನೂ ಹಂಚಿಕೊಳ್ಳುತ್ತಾರೆ, ಹೆಸರು ಯಾರಿಗೆ ಅಂತ ಬರೆಯುವುದಿಲ್ಲ. ಕಂಪನಿಯ ವಕೀಲರು ಮೊದಲು ಕೈ ಹಾಕುವುದು ಈ ಸಂದಿಗೇ. ಮನೆಯವರೆಲ್ಲ ಕೂತು ಒಂದು ಒಪ್ಪಂದ ಬರೆಸಿಕೊಳ್ಳಿ, ಇವತ್ತೇ ಆದರೂ ಪರವಾಗಿಲ್ಲ.

ವಾಟ್ಸ್‌ಆ್ಯಪ್ ಆರ್ಡರ್, ಗೂಗಲ್ ಮ್ಯಾಪಿನ ಹಳೇ ವಿಮರ್ಶೆ, ಫೇಸ್‌ಬುಕ್ ಫೋಟೊ ಇವೂ ಸಾಕ್ಷ್ಯವೇ. ಇವನ್ನು ಕೋರ್ಟಿಗೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಪ್ರಮಾಣಪತ್ರ ಜೊತೆಗಿರಬೇಕು. ವಕೀಲರಿಗೆ ಗೊತ್ತಿರುತ್ತದೆ. ನೀವು ಆ ಫೋನನ್ನು ಮಾತ್ರ ಎಕ್ಸ್‌ಚೇಂಜಿಗೆ ಕೊಡಬೇಡಿ.

ತಾರೀಖು ಎಷ್ಟು ಕೆಲಸ ಮಾಡುತ್ತದೆ, ಜಗಳ ಎಷ್ಟು ಉದ್ದ ಹೋಗುತ್ತದೆ ಎರಡಕ್ಕೂ ಪುಣೆಯ 'ಬರ್ಗರ್ ಕಿಂಗ್' ಪ್ರಕರಣ ಸಾಕ್ಷಿ. ಪುಣೆಯ ಹೋಟೆಲು 1992ರಿಂದ ಆ ಹೆಸರಿನಲ್ಲಿದೆ. ಅಮೆರಿಕದ ಕಂಪನಿ ಭಾರತದಲ್ಲಿ ಮೊದಲ ಅಂಗಡಿ ತೆರೆದದ್ದು 2014ರಲ್ಲಿ. ಆದರೆ ದಾವೆ ಹೂಡಿದ್ದು 2011ರಲ್ಲೇ. 2024ರಲ್ಲಿ ಪುಣೆಯ ಜಿಲ್ಲಾ ನ್ಯಾಯಾಲಯ ಕಂಪನಿಯ ದಾವೆಯನ್ನು ವಜಾ ಮಾಡಿತು. ಅದೇ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್, ಮೇಲ್ಮನವಿ ಮುಗಿಯುವವರೆಗೆ ಹೋಟೆಲು ಆ ಹೆಸರು ಬಳಸಬಾರದು ಎಂದಿತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಮೊದಲ ತೀರ್ಪು ಬರಲು 13 ವರ್ಷ. ಗೆದ್ದ ಮೇಲೂ ಕೆಲವು ತಿಂಗಳು ಹೆಸರಿಗೇ ಕುತ್ತು. ಹೋರಾಡುವ ಮೊದಲು ಇದನ್ನು ಮನೆಯವರ ಜೊತೆ ಕೂತು ಮಾತಾಡಿಕೊಳ್ಳಬೇಕು.

ನಿಮ್ಮ ಕಡೆ ತಪ್ಪಿದೆಯಾ?

ಸಣ್ಣವರು ಎಂಬ ಕಾರಣಕ್ಕೇ ನ್ಯಾಯ ನಮ್ಮ ಕಡೆ ಇರುವುದಿಲ್ಲ. ಹೆಸರಿಡುವಾಗ ಆ ಕಂಪನಿ ಮನಸ್ಸಿನಲ್ಲಿತ್ತಾ? ಬಣ್ಣ, ಅಕ್ಷರದ ಶೈಲಿ, ಲೋಗೊ ಎಲ್ಲ ಅದನ್ನೇ ನೆನಪಿಸುತ್ತಾ? ಕೋರ್ಟುಗಳು ಎರಡು ಹೆಸರನ್ನು ಪಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡುವುದಿಲ್ಲ. ಅರ್ಧಂಬರ್ಧ ನೆನಪಿರುವ ಸಾಮಾನ್ಯ ಗಿರಾಕಿಗೆ ಗೊಂದಲ ಆಗುತ್ತದಾ ಅಂತ ನೋಡುತ್ತವೆ.

ದೆಹಲಿಯಲ್ಲಿ 'ಸರ್ದಾರ್‌ಬಖ್ಷ್' ಎಂಬ ಕಾಫಿ ಅಂಗಡಿಗಳ ಮೇಲೆ ಸ್ಟಾರ್‌ಬಕ್ಸ್ ದಾವೆ ಹೂಡಿತ್ತು. ಹೆಸರೂ ಹತ್ತಿರ, ದುಂಡು ಲೋಗೊವೂ ಹತ್ತಿರ, ಮಾರುವುದೂ ಕಾಫಿಯೇ. 2018ರಲ್ಲಿ ಅವರು 'ಸರ್ದಾರ್‌ಜಿ-ಬಖ್ಷ್' ಎಂದು ಹೆಸರು ಬದಲಾಯಿಸಿಕೊಂಡು ವ್ಯಾಪಾರ ಮುಂದುವರಿಸಿದರು. ನಿಮ್ಮ ಪ್ರಕರಣ ಈ ಜಾತಿಯದಾದರೆ ಬೇಗ ರಾಜಿಗೆ ಹೋಗುವುದೇ ಲೇಸು. ಹಣ ಉಳಿಯುತ್ತದೆ, ಗಿರಾಕಿಗಳೂ ಉಳಿಯುತ್ತಾರೆ.

ಹಾಗಲ್ಲದೆ ಅದು ನಿಮ್ಮ ಸ್ವಂತ ಹೆಸರು, ಮನೆತನದ ಹೆಸರು, ಅಥವಾ ಸರಕಿನ ಗುಣ ಹೇಳುವ ಮಾತಾಗಿದ್ದು, ಪ್ರಾಮಾಣಿಕವಾಗಿ ಬಳಸಿದ್ದರೆ ಸೆಕ್ಷನ್ 35 ನಿಮ್ಮ ಬೆನ್ನಿಗಿದೆ. ವ್ಯಾಪಾರದಲ್ಲಿ ಎಲ್ಲರೂ ಬಳಸುವ ಪದಗಳೂ ಅಷ್ಟೆ. ಬೆಂಗಳೂರಿನ ತುಂಬ ಅಯ್ಯಂಗಾರ್ ಬೇಕರಿಗಳಿವೆ, ಊರೂರಿಗೂ ಉಡುಪಿ ಹೋಟೆಲುಗಳಿವೆ. ಅಂಥ ಪದವನ್ನು ಯಾರಾದರೂ ತಮ್ಮ ಲೋಗೊದೊಳಗೆ ಸೇರಿಸಿ ನೋಂದಾಯಿಸಿದರೂ, ಲೋಗೊದ ಆ ಒಂದು ತುಂಡನ್ನು ಮಾತ್ರ ಹಿಡಿದು ಬೇರೆಯವರನ್ನು ಹೆದರಿಸಲು ಸೆಕ್ಷನ್ 17 ಬಿಡುವುದಿಲ್ಲ.

ಉತ್ತರ ಬರೆಯುವುದು

ಕಾಗದ ಹುಡುಕಲು ಸಮಯ ಬೇಕಾದರೆ ಮೊದಲು ಒಂದು ಚಿಕ್ಕ ಪತ್ರ ಕಳಿಸಿ. ವಕೀಲರು ಅದನ್ನು ಇಂಗ್ಲಿಷಿನಲ್ಲಿ ಹಾಕಿಕೊಡುತ್ತಾರೆ, ತಿರುಳು ಇಷ್ಟೇ:

'ನಿಮ್ಮ ಇಂಥ ತಾರೀಖಿನ ನೋಟಿಸ್ ನಮಗೆ ಇಂಥ ದಿನ ತಲುಪಿದೆ. ಅದರಲ್ಲಿನ ಆರೋಪಗಳನ್ನು ನಾವು ಒಪ್ಪುವುದಿಲ್ಲ. ನೀವು ಹೆಸರಿಸಿರುವ ನೋಂದಣಿ ಪತ್ರಗಳ ಪ್ರತಿ ಮತ್ತು ಕರ್ನಾಟಕದಲ್ಲಿ ನೀವು ಈ ಹೆಸರು ಮೊದಲು ಬಳಸಿದ್ದಕ್ಕೆ ದಾಖಲೆ ಕಳಿಸಿಕೊಡಿ. ನಮ್ಮ ದಾಖಲೆ ಪರಿಶೀಲಿಸಿ ಇಂಥ ದಿನದೊಳಗೆ ವಿವರವಾದ ಉತ್ತರ ಕೊಡುತ್ತೇವೆ. ನಮ್ಮ ಹಕ್ಕುಗಳಿಗೆ ಧಕ್ಕೆಯಿಲ್ಲದಂತೆ ಈ ಪತ್ರ ಬರೆಯುತ್ತಿದ್ದೇವೆ.'

ಇದರಲ್ಲಿ ಕ್ಷಮೆ ಇಲ್ಲ, ಸಿಟ್ಟಿಲ್ಲ, ಕಥೆಯಿಲ್ಲ. ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಹೇಳಿದ ದಿನಕ್ಕೆ ವಿವರವಾದ ಉತ್ತರ ತಪ್ಪದೆ ಹೋಗಲಿ. ಮೊದಲ ಬಳಕೆಯ ವರ್ಷ, ಸರಕಿನ ವ್ಯತ್ಯಾಸ, ಲೋಗೊದ ವ್ಯತ್ಯಾಸ, ಇಷ್ಟು ವರ್ಷ ಒಬ್ಬ ಗಿರಾಕಿಯೂ ಗೊಂದಲಗೊಂಡಿಲ್ಲ ಎಂಬುದು ನಿಜವಾದರೆ ಅದೂ ಅದರಲ್ಲಿರಲಿ. ಇರುವ ಸಾಕ್ಷ್ಯವನ್ನೆಲ್ಲ ಒಮ್ಮೆಗೇ ಅವರ ಕೈಗೆ ಕೊಡಬೇಕಿಲ್ಲ. ಯಾವುದನ್ನು ಈಗ ತೋರಿಸಬೇಕು, ಯಾವುದನ್ನು ಕೋರ್ಟಿಗೆ ಇಟ್ಟುಕೊಳ್ಳಬೇಕು ಅಂತ ವಕೀಲರು ಹೇಳಲಿ.

ಬೆದರಿಕೆಗೆ ಆಧಾರವೇ ಇಲ್ಲ ಅನಿಸಿದರೆ ಸೆಕ್ಷನ್ 142 ಇದೆ. ಆಧಾರವಿಲ್ಲದೆ ಟ್ರೇಡ್‌ಮಾರ್ಕ್ ದಾವೆಯ ಬೆದರಿಕೆ ಹಾಕುವವರ ವಿರುದ್ಧ ನೀವೇ ಕೋರ್ಟಿಗೆ ಹೋಗಿ, ಆ ಬೆದರಿಕೆ ನಿಲ್ಲಿಸುವ ಆದೇಶ ಮತ್ತು ಆಗಿರುವ ನಷ್ಟ ಕೇಳಬಹುದು. ಕಂಪನಿ ಮುಂದೆ ಬಂದು ಉಲ್ಲಂಘನೆಯ ದಾವೆ ಹೂಡಿದರೆ ಇದರ ಬಲ ಕಮ್ಮಿಯಾಗುತ್ತದೆ. ಆದರೂ ಸುಮ್ನೆ ಊರೆಲ್ಲ ನೋಟಿಸ್ ಹಂಚುವವರಿಗೆ ಉತ್ತರದಲ್ಲಿ ಈ ಸೆಕ್ಷನ್ ಹೆಸರು ಕಂಡರೆ ಮಾತಿನ ಧಾಟಿ ಬದಲಾಗುತ್ತದೆ.

ಕೋರ್ಟಿಗೆ ಹೋಗುವ ಸೂಚನೆ ಕಂಡರೆ

ಕೂಡಲೇ ಕೇವಿಯಟ್ ಹಾಕಿ. ನಮ್ಮ ಮಾತು ಕೇಳದೆ ತಡೆಯಾಜ್ಞೆ ಕೊಡಬೇಡಿ ಎಂದು ಕೋರ್ಟಿಗೆ ಮೊದಲೇ ಸಲ್ಲಿಸುವ ಅರ್ಜಿ ಅದು. 90 ದಿನ ಜೀವಂತವಾಗಿರುತ್ತದೆ, ಆಮೇಲೆ ಮತ್ತೆ ಹಾಕಬೇಕು. ಎಲ್ಲಿ ಹಾಕಬೇಕು ಎಂಬುದೇ ತಲೆನೋವು. ಟ್ರೇಡ್‌ಮಾರ್ಕ್ ಕಾಯ್ದೆಯ ಪ್ರಕಾರ ಕಂಪನಿ ತನ್ನ ಊರಿನಲ್ಲೇ ದಾವೆ ಹೂಡಬಹುದು. ಹಾಗಾಗಿ ನಿಮ್ಮ ಜಿಲ್ಲೆಯ ಜೊತೆಗೆ ಅವರ ಮುಖ್ಯ ಕಚೇರಿ ಇರುವ ನಗರದ ಕೋರ್ಟಿನಲ್ಲೂ ಹಾಕುವುದು ಕ್ಷೇಮ. ನಿಮ್ಮ ಊರಿನಲ್ಲಿ ಅವರದೇ ಶಾಖೆ ಇದ್ದು, ಜಗಳವೂ ಅಲ್ಲೇ ಹುಟ್ಟಿದ್ದರೆ, ನಿಮ್ಮನ್ನು ದೂರದ ಊರಿಗೆ ಎಳೆಯುವುದು ಸರಿಯಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಸಂಜಯ್ ದಾಲಿಯಾ ಪ್ರಕರಣದಲ್ಲಿ ಹೇಳಿದೆ. ದೆಹಲಿಯಿಂದ ಸಮನ್ಸ್ ಬಂದರೆ ವಕೀಲರು ಮೊದಲು ನೋಡಬೇಕಾದ ಅಂಶ ಇದು.

3 ಲಕ್ಷ ರೂಪಾಯಿ ಮೇಲ್ಪಟ್ಟ ವಾಣಿಜ್ಯ ದಾವೆಗಳಲ್ಲಿ, ತುರ್ತು ಪರಿಹಾರ ಕೇಳದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಕಾನೂನು ಸೇವಾ ಪ್ರಾಧಿಕಾರದಿಂದ ಅಂಥ ಕರೆ ಬಂದರೆ ತಪ್ಪಿಸಬೇಡಿ. ಅಲ್ಲಿ ಕಂಪನಿಯವರ ಎದುರು ಸರಿಸಮ ಕೂತು ಮಾತಾಡಬಹುದು.

ಎಷ್ಟೋ ಸಲ ಕೋರ್ಟು ನೇಮಿಸಿದ ಕಮಿಷನರ್ ಒಬ್ಬರು ತಡೆಯಾಜ್ಞೆಯ ಆದೇಶ ಹಿಡಿದು ನೇರವಾಗಿ ಅಂಗಡಿಗೇ ಬರುತ್ತಾರೆ. ಜೊತೆಗೆ ಕಂಪನಿಯ ವಕೀಲರು, ಕೆಲವೊಮ್ಮೆ ಪೊಲೀಸರು. ಅಡ್ಡಿ ಮಾಡಬೇಡಿ, ಬಾಗಿಲು ಹಾಕಬೇಡಿ. ಆದೇಶದ ಪ್ರತಿ ಕೇಳಿ ಪಡೆಯಿರಿ. ಅವರು ಎಣಿಸಿದ ಪ್ಯಾಕೆಟ್‌ಗಳನ್ನು ನೀವೂ ಜೊತೆಗೆ ನಿಂತು ಎಣಿಸಿ. ಪಟ್ಟಿಯಲ್ಲಿ ತಪ್ಪಿದ್ದರೆ ಸಹಿ ಹಾಕುವ ಮುಂಚೆ ಅದರಲ್ಲೇ ಬರೆಯಿರಿ. ಅಂಗಡಿಯ ಹುಡುಗರಿಗೂ ಇದನ್ನು ಮೊದಲೇ ಹೇಳಿಡಿ, ಯಾಕೆಂದರೆ ಅವರು ಬಂದಾಗ ನೀವೇ ಅಲ್ಲಿರುತ್ತೀರಿ ಅಂತ ಇಲ್ಲ. ಕೋರ್ಟ್ ಆದೇಶ ಇಲ್ಲದೆ ಪೊಲೀಸರನ್ನು ಕರೆತಂದು ಹೆದರಿಸಿದರೆ ಒಂದು ವಿಷಯ ತಿಳಿದಿರಲಿ. ವಾರಂಟ್ ಇಲ್ಲದೆ ಈ ಕಾಯ್ದೆಯಡಿ ಜಪ್ತಿ ಮಾಡಲು ಡಿವೈಎಸ್‌ಪಿ ದರ್ಜೆಗಿಂತ ಕಮ್ಮಿಯಲ್ಲದ ಅಧಿಕಾರಿ ಬರಬೇಕು, ಅದಕ್ಕೂ ಮೊದಲು ರಿಜಿಸ್ಟ್ರಾರ್ ಅಭಿಪ್ರಾಯ ಪಡೆದಿರಬೇಕು.

ನಿಮ್ಮನ್ನು ಕೇಳದೆ ತಡೆಯಾಜ್ಞೆ ಆಗಿಬಿಟ್ಟಿದ್ದರೆ ಅದೇ ಕೊನೆಯಲ್ಲ. ಅದನ್ನು ತೆರವು ಮಾಡಿಸಲು ಅದೇ ಕೋರ್ಟಿನಲ್ಲಿ ಅರ್ಜಿ ಹಾಕಬಹುದು. ಅವರು ನಿಮ್ಮ ಹಳೆಯ ಬಳಕೆ ಗೊತ್ತಿದ್ದೂ ಮುಚ್ಚಿಟ್ಟಿದ್ದರೆ ಅದೊಂದೇ ದೊಡ್ಡ ಆಧಾರ. ಆದರೆ ಆದೇಶ ಇರುವವರೆಗೆ ಅದನ್ನು ಪಾಲಿಸಲೇಬೇಕು.

ವಕೀಲರ ಫೀಸನ್ನು ಹಂತ ಹಂತವಾಗಿ, ಬರಹದಲ್ಲಿ ಮಾತಾಡಿಕೊಳ್ಳಿ: ಉತ್ತರಕ್ಕೆ ಎಷ್ಟು, ಕೇವಿಯಟ್‌ಗೆ ಎಷ್ಟು, ತಡೆಯಾಜ್ಞೆಯ ವಾದಕ್ಕೆ ಎಷ್ಟು. ಹಣವಿಲ್ಲ ಅಂತ ಕೈಚೆಲ್ಲಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುವ ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ.

ರಾಜಿ ಮಾಡಿಕೊಳ್ಳುವುದಾದರೆ

ನೋಟಿಸಿನ ಜೊತೆ ಬಂದ ಮುಚ್ಚಳಿಕೆಗೆ ಇದ್ದ ಹಾಗೇ ಸಹಿ ಹಾಕಬೇಡಿ. ಅದರಲ್ಲಿ ಸಾಮಾನ್ಯವಾಗಿ 'ಈ ಪದ ಅಥವಾ ಇದನ್ನು ಹೋಲುವ ಯಾವುದೇ ಪದವನ್ನು ಯಾವುದೇ ಸರಕಿಗೆ ಎಂದೆಂದಿಗೂ ಬಳಸುವುದಿಲ್ಲ, ಉಲ್ಲಂಘನೆ ಮಾಡಿದ್ದನ್ನು ಒಪ್ಪುತ್ತೇವೆ' ಎಂಬ ಅರ್ಥದ ಸಾಲಿರುತ್ತದೆ. ಇದಕ್ಕೆ ಒಪ್ಪಿದರೆ ನಾಳೆ ನೀವು ಇಡುವ ಹೊಸ ಹೆಸರಿಗೂ ಅವರು ತಕರಾರು ತೆಗೆಯಬಹುದು. ಯಾವ ಪದ, ಯಾವ ಸರಕು ಅಂತ ನಿಖರವಾಗಿ ಬರೆಸಿ. ತಪ್ಪೊಪ್ಪಿಗೆಯ ಸಾಲು ತೆಗೆಸಿ. ಅಚ್ಚಾಗಿರುವ ಪ್ಯಾಕೆಟ್, ಬೋರ್ಡು ಮುಗಿಸಲು ಆರು ತಿಂಗಳಾದರೂ ಕೇಳಿ. ಹಳೆ ಹೆಸರಿನ ಪಕ್ಕ ಹೊಸ ಹೆಸರು ಹಾಕಿ ಕೆಲವು ಕಾಲ ಗಿರಾಕಿಗಳಿಗೆ ತಿಳಿಸಲು ಅವಕಾಶ ಕೇಳಿ. ನಷ್ಟ ಪರಿಹಾರ, ಕೋರ್ಟ್ ಖರ್ಚು ಯಾವುದೂ ಇಲ್ಲ ಅಂತ ಬರೆಸಿ. ನಿಮ್ಮ ಪಕ್ಷ ಗಟ್ಟಿಯಿದ್ದರೆ ಹೆಸರು ಬದಲಾಯಿಸುವ ಖರ್ಚನ್ನೇ ಅವರಿಂದ ಕೇಳುವುದರಲ್ಲೂ ಸಂಕೋಚ ಬೇಡ.

ಹೆಸರು ಪೂರ್ತಿ ಬಿಡಬೇಕು ಅಂತಲೂ ಇಲ್ಲ. ಮುಂದೊಂದು ಪದ ಸೇರಿಸುವುದು, ಲೋಗೊ ಬದಲಿಸುವುದು, ನಿಮ್ಮ ಜಿಲ್ಲೆಗೆ ಮಾತ್ರ ಸೀಮಿತವಾಗಿರುವುದು, ಹೀಗೆ ದಾರಿಗಳಿವೆ. ಊರಿನ ಮಿತಿ ಹೊಸದೇನಲ್ಲ. 1960ರ ದಶಕದ ಅಮೃತಧಾರಾ–ಲಕ್ಷ್ಮಣಧಾರಾ ಔಷಧಿಗಳ ಪ್ರಕರಣದಲ್ಲಿ ಹೆಸರುಗಳು ಗೊಂದಲ ಹುಟ್ಟಿಸುತ್ತವೆ ಅಂದ ಸುಪ್ರೀಂ ಕೋರ್ಟೇ, ಮೊದಲಿನವರು ಗೊತ್ತಿದ್ದೂ ಸುಮ್ಮನಿದ್ದ ಕಾರಣಕ್ಕೆ ಎರಡನೆಯ ಹೆಸರನ್ನು ಉತ್ತರ ಪ್ರದೇಶದ ಮಟ್ಟಿಗೆ ಉಳಿಯಲು ಬಿಟ್ಟಿತ್ತು.

ನೋಟಿಸ್ ಬರುವ ಮೊದಲೇ ಮಾಡಬಹುದಾದ್ದು

ನೋಂದಣಿಗೆ ಅರ್ಜಿ ಹಾಕಿ. ವ್ಯಕ್ತಿಗಳಿಗೆ, ಸ್ಟಾರ್ಟಪ್ ಮತ್ತು ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಶುಲ್ಕ ಒಂದು ಕ್ಲಾಸಿಗೆ 4,500 ರೂಪಾಯಿ, ಉಳಿದವರಿಗೆ 9,000. ಸಣ್ಣ ಉದ್ಯಮ ಅಂತ ತೋರಿಸಲು ಉದ್ಯಮ್ ನೋಂದಣಿ ಸಾಕು. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ ಹೋಗುತ್ತದೆ. ಹಳೆಯ ಬಳಕೆ ಇದ್ದರೆ ಆ ತಾರೀಖನ್ನೇ ಹಾಕಿ, ಅದಕ್ಕೆ ಅಫಿಡವಿಟ್ ಮತ್ತು ದಾಖಲೆ ಸೇರಿಸಿ. 'ಬಳಸಲು ಉದ್ದೇಶಿಸಲಾಗಿದೆ' ಎಂದು ಏಜೆಂಟರು ಸುಲಭಕ್ಕೆ ತುಂಬಿಬಿಟ್ಟರೆ, ಇಪ್ಪತ್ತು ವರ್ಷದ ಹಳೇ ಅಂಗಡಿ ಕಾಗದದಲ್ಲಿ ಇವತ್ತು ಹುಟ್ಟಿದಂತಾಗುತ್ತದೆ. ಸಲ್ಲಿಸುವ ಮೊದಲು ಆ ಕಾಲಂ ನೀವೇ ಓದಿ.

ಅರ್ಜಿ ಪರಿಶೀಲಿಸಿ ರಿಜಿಸ್ಟ್ರಿ ತನ್ನ ಆಕ್ಷೇಪ ತಿಳಿಸುವ ಪರೀಕ್ಷಾ ವರದಿಗೆ 30 ದಿನದೊಳಗೆ ಉತ್ತರ ಹೋಗಬೇಕು. ಉತ್ತರ ಒಪ್ಪಿಗೆಯಾಗಿ ಆ ಹಂತ ಮುಗಿದರೆ ಹೆಸರು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಅಲ್ಲಿಂದ 4 ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ದೊಡ್ಡ ಕಂಪನಿಗಳು ಜರ್ನಲ್ ನೋಡಲೆಂದೇ ಜನ ಇಟ್ಟಿರುತ್ತವೆ. ವಿರೋಧ ಬಂದರೆ ಆ 2 ತಿಂಗಳ ಪ್ರತಿ ಹೇಳಿಕೆಯ ಗಡುವಿಗೆ ವಿಸ್ತರಣೆ ಇಲ್ಲ. ತಪ್ಪಿದರೆ ಅರ್ಜಿಯನ್ನೇ ಕೈಬಿಟ್ಟಂತೆ. ಸಣ್ಣವರ ಎಷ್ಟೋ ಅರ್ಜಿಗಳು ವಾದವೇ ನಡೆಯದೆ ಸಾಯುವುದು ಇಲ್ಲಿ. ನೋಟಿಸ್ ಹೋಗುವುದು ಅರ್ಜಿ ಹಾಕಿದ ಏಜೆಂಟರ ಇಮೇಲಿಗೆ. ಅವರು ಆ ಕೆಲಸ ಬಿಟ್ಟಿರುತ್ತಾರೆ, ಅಥವಾ ಮೇಲ್ ಸ್ಪ್ಯಾಮಿನಲ್ಲಿ ಬಿದ್ದಿರುತ್ತದೆ. ಅರ್ಜಿ ಸಂಖ್ಯೆ ನಿಮ್ಮ ಫೋನಿನಲ್ಲೇ ಇರಲಿ. ತಿಂಗಳಿಗೊಮ್ಮೆ ಜಾಲತಾಣದಲ್ಲಿ ಸ್ಥಿತಿ ನೀವೇ ನೋಡಿ.

ಈ ಬಾಗಿಲು ನಿಮಗೂ ತೆರೆದಿದೆ. ನಿಮ್ಮ ಹಳೆಯ ಹೆಸರನ್ನೇ ದೊಡ್ಡ ಕಂಪನಿಯೊಂದು ನೋಂದಾಯಿಸಲು ಹೊರಟರೆ ನೀವೂ ವಿರೋಧ ಹಾಕಬಹುದು. ಆನ್‌ಲೈನ್ ಶುಲ್ಕ ಒಂದು ಕ್ಲಾಸಿಗೆ 2,700 ರೂಪಾಯಿ. ಅವರು ನೋಂದಾಯಿಸಿ 5 ವರ್ಷಕ್ಕೂ ಮೇಲ್ಪಟ್ಟು ಬಳಸದೆ ಬಿಟ್ಟಿದ್ದರೆ ಸೆಕ್ಷನ್ 47ರಡಿ ಅದನ್ನು ತೆಗೆಸಲು ಅರ್ಜಿ ಹಾಕಬಹುದು. ನಿಮ್ಮ ಹೆಸರು ನೋಂದಣಿ ಆಗಿದ್ದು, ಅದನ್ನು ಬಳಸುತ್ತಿರುವುದು ಗೊತ್ತಿದ್ದೂ ಅವರು 5 ವರ್ಷ ಸುಮ್ಮನಿದ್ದರೆ, ನೀವು ಅದನ್ನು ಪ್ರಾಮಾಣಿಕವಾಗಿ ಪಡೆದವರಾಗಿದ್ದರೆ, ಸೆಕ್ಷನ್ 33ರ ಪ್ರಕಾರ ಆಮೇಲೆ ಅವರಿಗೆ ತಕರಾರಿನ ಹಕ್ಕಿಲ್ಲ. ನೋಂದಣಿಯಿಂದ ಸಿಗುವ ದೊಡ್ಡ ಲಾಭ ಇದು.

ಅರ್ಜಿ ಹಾಕಿದ ತಕ್ಷಣ ಪ್ಯಾಕೆಟ್ ಮೇಲೆ 'ಟಿಎಂ' ಅಂತ ಹಾಕಿಕೊಳ್ಳಬಹುದು. ವೃತ್ತದೊಳಗಿನ 'ಆರ್' ಗುರುತನ್ನು ನೋಂದಣಿ ಆಗುವ ತನಕ ಹಾಕುವಂತಿಲ್ಲ, ಹಾಕಿದರೆ ದಂಡ ಬೀಳುತ್ತದೆ. ನೋಂದಣಿಯ ಆಯಸ್ಸು 10 ವರ್ಷ. ಅದು ಮುಗಿಯುವುದಕ್ಕೆ 1 ವರ್ಷ ಮೊದಲಿನಿಂದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು, ಆನ್‌ಲೈನ್ ಶುಲ್ಕ ಕ್ಲಾಸಿಗೆ 9,000 ರೂಪಾಯಿ. ಮರೆತರೆ ಮುಂದಿನ 6 ತಿಂಗಳೊಳಗೆ ಹೆಚ್ಚುವರಿ ಶುಲ್ಕ ಕಟ್ಟಿ ಉಳಿಸಿಕೊಳ್ಳಬಹುದು.